ಪ್ರಶ್ನೋತ್ತರ: ಒಮ್ಮೆ ತೊಳೆದ ಸೈನಸ್ ಮತ್ತ ಯಾಕ ತುಂಬ್ತದ?

ಅಡ್ಮಿನ್: ಕಲಬುರಗಿಯ ಕಿವಿ-ಮೂಗು-ಗಂಟಲು ಡಾಕ್ಟರು ಈ ರವಿವಾರ ನಮ್ಮ ಗುಂಪಿನ್ಯಾಗ ಉತ್ತರ ಕೊಡ್ತಾರ. ಮೂಗು, ಸೈನಸ್ ಬಗ್ಗೆ ಏನಿದ್ರೂ ಕೇಳ್ರಿ. ಯಾರೂ ಹೆಸರು ಹಾಕಬ್ಯಾಡ್ರಿ, ಊರು ಬರದ್ರ ಸಾಕು.

ಪ್ರಶ್ನೆ (ಶಹಾಬಾದ್): ಸರ್, ನಾ ಫರ್ಸಿ ಪಾಲಿಶ್ ಕೆಲಸ ಮಾಡ್ತೀನಿ. ಯಾವಾಗ್ಲೂ ಮೂಗು ಕಟ್ಟಿರ್ತದ, ಸಿಂಬಳ ಗಂಟಲ್ದಾಗ ಇಳೀತದ. ಸಿ.ಟಿ. ಸ್ಕ್ಯಾನ್‌ದಾಗ ‘ಎಡ ಮ್ಯಾಕ್ಸಿಲರಿ ತುಂಬ್ಯದ, ಮೂಗಿನ ನಡುಗೋಡಿ ಸೊಟ್ಟ ಅದ’ ಅಂತ ಬಂದದ. ದುರ್ಬೀನ್ ಆಪರೇಶನ್ ಮಾಡಿಸ್ರಿ ಅಂದಾರ. ನಮ್ಮ ಕಾಕಾಗ ಹಿಂದ ಮೂಗಿನ್ಯಾಗ ಸೂಜಿ ಚುಚ್ಚಿ ಕೀವು ತೊಳದಿದ್ರು, ಮತ್ತ ತುಂಬ್ತು. ನಂದೂ ಹಂಗೇ ಆದ್ರ ರೊಕ್ಕ ಯಾಕ ಹಾಳು ಮಾಡ್ಲಿ?

ಉತ್ತರ: ನಿಮ್ಮ ಕಾಕಾಗ ಯಾಕೆ ಹಾಗಾಯಿತು ಅನ್ನುವುದರಲ್ಲೇ ಸೈನಸ್‌ನ ಇಡೀ ರಚನೆ ಅಡಗಿದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಾವಕಾಶ ಓದ್ರಿ.

ಮೂಗಿನ ಸುತ್ತಲಿನ ಮೂಳೆಗಳೊಳಗೆ ಗಾಳಿ ತುಂಬಿದ ಪೊಳ್ಳುಗಳು ನಾಲ್ಕು ಜೋಡಿ ಇರುತ್ತವೆ, ಇವೇ ಸೈನಸ್‌ಗಳು. ಕೆನ್ನೆಯಲ್ಲಿ ಮ್ಯಾಕ್ಸಿಲರಿ, ಹುಬ್ಬಿನ ಮೇಲೆ ಫ್ರಂಟಲ್, ಎರಡು ಕಣ್ಣುಗಳ ನಡುವೆ ಸಣ್ಣಸಣ್ಣ ಕೋಶಗಳ ಎಥ್ಮಾಯ್ಡ್, ಎಲ್ಲಕ್ಕಿಂತ ಹಿಂದೆ ತಲೆಯ ನಟ್ಟನಡುವೆ ಸ್ಫೀನಾಯ್ಡ್. ದೊಡ್ಡದು ಮ್ಯಾಕ್ಸಿಲರಿ. ವಯಸ್ಕರಲ್ಲಿ ಅದರೊಳಗೆ ಸುಮಾರು 15 ಮಿಲಿಲೀಟರ್ ಜಾಗ. ಅದನ್ನು ಒಂದು ಕೋಣೆ ಅಂದುಕೊಳ್ಳಿ. ಆ ಕೋಣೆಗಿರುವ ಬಾಗಿಲು ನೆಲದ ಮಟ್ಟದಲ್ಲಿಲ್ಲ, ಛತ್ತಿನ ಹತ್ತಿರ ಇದೆ. ಕೆಲವೇ ಮಿಲಿಮೀಟರ್ ಅಗಲದ ಆ ಬಾಗಿಲು ಮೂಗಿನ ಪಕ್ಕದ ಗೋಡೆಯಲ್ಲಿ, ಮಧ್ಯದ ಟರ್ಬಿನೇಟ್ ಅನ್ನುವ ಎಲುಬಿನ ಮಡಿಕೆಯ ಅಡಿಯಲ್ಲಿ ತೆರೆಯುತ್ತದೆ. ಫ್ರಂಟಲ್ ಸೈನಸ್ ಮತ್ತು ಎಥ್ಮಾಯ್ಡ್‌ನ ಮುಂದಿನ ಕೋಶಗಳೂ ಅದೇ ಇಕ್ಕಟ್ಟಿಗೇ ಬಂದು ಸೇರುತ್ತವೆ. ಅಲ್ಲಿ ಸ್ವಲ್ಪ ಬಾವು ಬಂದರೂ ಮೂರೂ ಒಟ್ಟಿಗೆ ಕಟ್ಟಿಕೊಳ್ಳುವುದು ಇದರಿಂದಲೇ.

ಬಾಗಿಲು ಮೇಲಿದ್ದರೆ ಸಿಂಬಳ ಹೊರಗೆ ಬರುವುದು ಹೇಗೆ? ಒಳಪೊರೆಯ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮ ರೋಮಗಳಿವೆ, ಸಿಲಿಯಾ ಅನ್ನುತ್ತಾರೆ. ಅವು ಹಗಲು ರಾತ್ರಿ ಬಡಿಯುತ್ತ ಸಿಂಬಳದ ತೆಳು ಪದರವನ್ನು ಗೋಡೆಗುಂಟ ಮೇಲಕ್ಕೆ, ಹುಟ್ಟಿನಿಂದ ಇರುವ ಆ ಬಾಗಿಲ ಕಡೆಗೇ ದೂಡುತ್ತವೆ. ಆಸ್ಟ್ರಿಯಾದ ಗ್ರಾತ್ಸ್ ನಗರದ ಮೆಸರ್‌ಕ್ಲಿಂಗರ್ ಈ ದಾರಿಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ ತೋರಿಸಿಕೊಟ್ಟರು. ಅದಕ್ಕೂ ಮೊದಲು, 1890ರ ದಶಕದಿಂದ, ಅಮೆರಿಕದ ಕಾಲ್ಡ್‌ವೆಲ್ ಮತ್ತು ಫ್ರಾನ್ಸಿನ ಲ್ಯೂಕ್ ಅವರ ಹೆಸರಿನ ಆಪರೇಶನ್ ನಡೆಯುತ್ತಿತ್ತು. ಮೇಲ್ತುಟಿ ಎತ್ತಿ ಕೆನ್ನೆಯ ಮೂಳೆ ಕೊರೆದು ಒಳಪೊರೆ ಕೆರೆದು ತೆಗೆದು, ಮೂಗಿನೊಳಗೆ ತಳಮಟ್ಟದಲ್ಲಿ ಹೊಸ ಕಿಂಡಿ ಮಾಡುತ್ತಿದ್ದರು. ನೀರು ಕೆಳಗೆ ಹರಿಯುತ್ತದೆ ಅನ್ನುವ ಲೆಕ್ಕದಲ್ಲಿ ಅದು ಸರಿ. ಆದರೆ ಸಿಂಬಳ ಆ ಹೊಸ ಕಿಂಡಿಯ ಪಕ್ಕದಲ್ಲೇ ಹಾದು ಮತ್ತೆ ಹಳೆಯ ಬಾಗಿಲಿಗೇ ಹೋಗುತ್ತಿತ್ತು! ಕಲಿಯುವಾಗ ಇದನ್ನು ಮೊದಲ ಸಲ ಓದಿ ನಾನು ಬೆರಗಾಗಿದ್ದೆ, ಇವತ್ತಿಗೂ ಆ ಬೆರಗು ಹೋಗಿಲ್ಲ.

ಸೂಜಿ ಚುಚ್ಚಿ ತೊಳೆದಾಗ ಕಾಕಾನ ಕೀವು ಹೊರಗೆ ಬಂತು, ಬಾಗಿಲು ಮಾತ್ರ ಮುಚ್ಚಿಯೇ ಉಳಿದಿರಬೇಕು. ಈಗಿನ ದುರ್ಬೀನ್ ಆಪರೇಶನ್ ಆ ಸಹಜ ಬಾಗಿಲನ್ನೇ ಅಗಲ ಮಾಡುತ್ತದೆ, ಒಳಪೊರೆಯನ್ನು ಆದಷ್ಟು ಉಳಿಸಿಕೊಳ್ಳುತ್ತದೆ.

ಮರುಪ್ರಶ್ನೆ (ಶಹಾಬಾದ್): ಅಂದ್ರ ಮಾಡಿಸ್ಲೇಬೇಕು ಅಂತೀರೇನು ಸರ್?

ಉತ್ತರ: ಪರೀಕ್ಷೆ ಮಾಡದೆ ಆ ಮಾತು ನಾನು ಹೇಳಬಾರದು. ನಿಮ್ಮ ಡಾಕ್ಟರನ್ನು ಇಷ್ಟು ಕೇಳ್ರಿ: ಮೂಗಿಗೆ ಹೊಡೆಯುವ ಸ್ಟಿರಾಯ್ಡ್ ಸ್ಪ್ರೇ ಮತ್ತು ಉಪ್ಪುನೀರಿನ ತೊಳೆತವನ್ನು ಕೆಲವು ವಾರ ಬಿಡದೆ ಮಾಡಿ ನೋಡಿಯಾಗಿದೆಯೇ? ಸ್ಕ್ಯಾನ್ ತೆಗೆದದ್ದು ನೆಗಡಿ ಇದ್ದಾಗಲೋ, ಇಲ್ಲದಾಗಲೋ? ಬರೀ ನೆಗಡಿಯಲ್ಲೂ ಸ್ಕ್ಯಾನ್‌ನಲ್ಲಿ ಬಾವು ಕಾಣುತ್ತದೆ. ನಡುಗೋಡೆ ಸೊಟ್ಟ ಅಂತ ಬರೆದದ್ದಕ್ಕೆ ಹೆದರಬೇಡಿ, ಹೆಚ್ಚಿನವರ ನಡುಗೋಡೆ ಅಷ್ಟಿಷ್ಟು ಬಾಗಿಯೇ ಇರುತ್ತದೆ. ಉಸಿರಿಗೋ ಸೈನಸ್‌ನ ದಾರಿಗೋ ಅದು ಅಡ್ಡ ಬಂದಿದ್ದರೆ ಮಾತ್ರ ಮುಟ್ಟಬೇಕು.

ಇನ್ನು ನಿಮ್ಮ ಕೆಲಸದ ಮಾತು. ಧೂಳಿನ ದಪ್ಪ ಕಣಗಳನ್ನು ಮೂಗು ಹಿಡಿಯುತ್ತದೆ. 5 ಮೈಕ್ರಾನ್‌ಗಿಂತ ಸಣ್ಣವು ಮೂಗನ್ನು ದಾಟಿ ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ನಿಮ್ಮ ಮೂಗಿಗಿಂತ ನನಗೆ ನಿಮ್ಮ ಶ್ವಾಸಕೋಶದ ಚಿಂತೆ ಹೆಚ್ಚು. ಕಲ್ಲಿಗೆ ನೀರು ಬಿಟ್ಟುಕೊಂಡೇ ಪಾಲಿಶ್ ಮಾಡ್ರಿ. ಟವೆಲ್ ಸುತ್ತಿಕೊಂಡರೆ ಸಾಲದು, ಎನ್-95 ಮಾಸ್ಕ್ ಹಾಕ್ರಿ.

ಪ್ರಶ್ನೆ (ಯಾದಗಿರಿ): ಡಾಕ್ಟ್ರೆ, ನನ್ನ ಮಗಗ ಏಳು ವರ್ಷ. ಬ್ಯಾಸಗಿ ಬಂತಂದ್ರ ಮೂಗಿನ್ಯಾಗಿಂದ ರಕ್ತ ಸುರೀತದ. ತಲಿ ಹಿಂದಕ್ಕ ಬಗ್ಗಿಸಿ ನೆತ್ತಿ ಮ್ಯಾಲ ತಣ್ಣೀರು ಹಾಕ್ತೀವಿ, ಉಳ್ಳಾಗಡ್ಡಿ ಮೂಸಸ್ತೀವಿ. ಉಷ್ಣ ಅಂತಾರ, ಖರೇ ಏನ್ರಿ?

ಉತ್ತರ: ನಮ್ಮ ಕಡೆಯ ಒಣ ಬಿಸಿಲಿಗೆ ಸಂಬಂಧ ಇರುವುದು ಖರೆ, ಆದರೆ ತೊಂದರೆ ಆಗುವುದು ಮೂಗಿನ ಒಳಗಡೆ. ನಡುಗೋಡೆಯ ಮುಂಭಾಗದಲ್ಲಿ, ಬೆರಳು ತಾಗುವಷ್ಟು ಹತ್ತಿರ, ‘ಲಿಟಲ್ಸ್ ಏರಿಯಾ’ ಅನ್ನುವ ಜಾಗವಿದೆ. ಬೇರೆಬೇರೆ ಕಡೆಯಿಂದ ಬರುವ ರಕ್ತನಾಳಗಳು ಅಲ್ಲಿ ಕೂಡುತ್ತವೆ, ಅವುಗಳ ಮೇಲಿನ ಪೊರೆ ಬಹಳ ತೆಳು. ಏಪ್ರಿಲ್-ಮೇ ತಿಂಗಳ ಗಾಳಿಗೆ ಪೊರೆ ಒಣಗಿ ಹಕ್ಕಳೆ ಕಟ್ಟುತ್ತದೆ, ಹುಡುಗ ಕೆರೆಯುತ್ತಾನೆ, ರಕ್ತ ಬರುತ್ತದೆ. ಮೂಗಿನ ರಕ್ತಸ್ರಾವದಲ್ಲಿ ನೂರಕ್ಕೆ ಸುಮಾರು 90 ಇಲ್ಲಿಂದಲೇ.

ತಲೆ ಹಿಂದಕ್ಕೆ ಬಗ್ಗಿಸಲೇಬೇಡಿ, ರಕ್ತ ಗಂಟಲಿಗೆ ಇಳಿದು ವಾಂತಿಯಾಗುತ್ತದೆ. ಕೂರಿಸಿ, ಮುಂದಕ್ಕೆ ಬಾಗಿಸಿ, ಮೂಗಿನ ತುದಿಯ ಮೆತ್ತನೆಯ ಭಾಗವನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯಿರಿ. ಗಡಿಯಾರ ನೋಡಿ 10 ನಿಮಿಷ. ನಿಂತಿತೇ ಅಂತ ನಡುನಡುವೆ ಬಿಟ್ಟು ನೋಡಬಾರದು. ಬಾಯಿಂದ ಉಸಿರಾಡಲಿ, ಬಾಯಿಗೆ ಬಂದದ್ದನ್ನು ಉಗುಳಲಿ. ಮೇಲಿನ ಗಟ್ಟಿ ಎಲುಬು ಒತ್ತಿ ಉಪಯೋಗವಿಲ್ಲ. ಉಳ್ಳಾಗಡ್ಡಿಯಿಂದ ರಕ್ತ ನಿಲ್ಲುವುದಿಲ್ಲ. ರಾತ್ರಿ ಮಲಗುವಾಗ ಮೂಗಿನ ಮುಂಭಾಗದ ಒಳಬದಿಗೆ ವ್ಯಾಸಲೀನ್ ತೆಳ್ಳಗೆ ಸವರಿ, ಉಗುರು ಕತ್ತರಿಸಿ. ಅರ್ಧ ತಾಸು ಆದರೂ ನಿಲ್ಲದಿದ್ದರೆ, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ ಬೀಳುತ್ತಿದ್ದರೆ, ಮನೆಯಲ್ಲಿ ಕುಳಿತುಕೊಳ್ಳಬೇಡಿ.

ಮಕ್ಕಳಿರುವ ಎಲ್ಲರಿಗೂ ಇನ್ನೊಂದು ಮಾತು: ನೆಗಡಿ ಇರುವ ಮಗುವಿನ ಒಂದು ಕಣ್ಣಿನ ರೆಪ್ಪೆ ಕೆಂಪಾಗಿ ಊದಿಕೊಂಡರೆ ಅವತ್ತೇ ಆಸ್ಪತ್ರೆಗೆ ಒಯ್ಯಿರಿ. ಎಥ್ಮಾಯ್ಡ್‌ಗೂ ಕಣ್ಣಿಗೂ ನಡುವಿನ ಎಲುಬು ತೀರಾ ತೆಳು. ಸೋಂಕು ಅದನ್ನು ದಾಟಿದರೆ ದೃಷ್ಟಿಗೇ ಅಪಾಯ.

ಪ್ರಶ್ನೆ (ಆಳಂದ): ನಂಗ ಒಮ್ಮೆ ಎಡ ಮೂಗು ಕಟ್ತದ, ಒಮ್ಮೆ ಬಲ. ನಮ್ಮ ಮುತ್ಯಾ ಸ್ವರ ನೋಡೇ, ಅಂದ್ರ ಯಾವ ಕಡಿ ಮೂಗಿನ್ಯಾಗ ಉಸಿರು ಆಡ್ತದ ಅಂತ ನೋಡೇ, ಮನಿ ಬಿಟ್ಟು ಹೊಂಡ್ತಿದ್ರು. ಇದು ರೋಗ ಏನ್ರಿ?

ಉತ್ತರ: ಅಲ್ಲ. ಕೆಳಗಿನ ಟರ್ಬಿನೇಟ್‌ನ ಪೊರೆಯಲ್ಲಿ ರಕ್ತ ತುಂಬಿದಾಗ ಅದು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಒಂದು ಕಡೆ ಉಬ್ಬಿದಾಗ ಇನ್ನೊಂದು ಕಡೆ ತೆರೆದಿರುತ್ತದೆ, ಕೆಲವು ತಾಸಿಗೊಮ್ಮೆ ಅದಲುಬದಲು. ಜರ್ಮನಿಯ ಕೈಸರ್ 1895ರಲ್ಲಿ ಇದನ್ನು ವೈದ್ಯಕೀಯವಾಗಿ ದಾಖಲಿಸಿದರು. ನಿಮ್ಮ ಮುತ್ಯಾನಂಥವರು ಗಮನಿಸಿದ್ದು ಅದಕ್ಕೂ ಬಹಳ ಹಿಂದೆ. ಮಗ್ಗುಲಾಗಿ ಮಲಗಿದರೆ ಕೆಳಗಿನ ಕಡೆಯದು ಕಟ್ಟುತ್ತದೆ, ಅದೂ ಸಹಜವೇ. ಇದಕ್ಕೆ ಅಂಗಡಿಯಿಂದ ಮೂಗು ಬಿಡಿಸುವ ಡ್ರಾಪ್ಸ್ ತಂದು ಹಾಕಿಕೊಳ್ಳಬೇಡಿ. ಆ ಔಷಧಿಯನ್ನು ಐದಾರು ದಿನಕ್ಕಿಂತ ಹೆಚ್ಚು ಹಾಕಿದರೆ, ಬಿಟ್ಟ ಮೇಲೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ಡ್ರಾಪ್ಸ್ ಇಲ್ಲದೆ ನಿದ್ದೆಯೇ ಬರುವುದಿಲ್ಲ ಅನ್ನುವವರು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ.

ಪ್ರಶ್ನೆ (ಬೀದರ್): ನಮ್ಮ ತಂದೆಗ ಶುಗರ್ ಅದ. ಒಂದೇ ಕಡೆ ಮೂಗಿನಿಂದ ಕೆಟ್ಟ ವಾಸನಿ ಬರೋ ಕೀವು ಬರ್ಲಾಕತ್ತದ, ಅದೇ ಕಡೆ ಮ್ಯಾಲಿನ ದವಡಿ ಹಲ್ಲೂ ನೋಯ್ತದ. ಹಲ್ಲಿಗೂ ಮೂಗಿಗೂ ಏನ್ ಸಂಬಂಧ?

ಉತ್ತರ: ಹತ್ತಿರದ ಸಂಬಂಧ. ಮೇಲಿನ ದವಡೆ ಹಲ್ಲುಗಳ ಬೇರು ಮ್ಯಾಕ್ಸಿಲರಿ ಸೈನಸ್‌ನ ತಳಕ್ಕೆ ತಾಗಿಕೊಂಡಿರುತ್ತವೆ. ಕೆಲವರಲ್ಲಿ ನಡುವೆ ಎಲುಬೇ ಇರುವುದಿಲ್ಲ, ಬರೀ ಪೊರೆ. ಈ ಸೈನಸ್ಸನ್ನು ವಿವರವಾಗಿ ಬರೆದ ಇಂಗ್ಲೆಂಡಿನ ಹೈಮೋರ್ 1651ರಲ್ಲೇ, ಹಲ್ಲು ಕೀಳಿಸಿದ ಮೇಲೆ ಸೈನಸ್ ಬಾಯಿಗೆ ತೆರೆದುಕೊಂಡ ಒಬ್ಬ ಹೆಣ್ಣುಮಗಳ ವಿಷಯ ದಾಖಲಿಸಿದ್ದಾರೆ. ಒಂದೇ ಕಡೆ ದುರ್ವಾಸನೆಯ ಕೀವು ಅಂದರೆ ನಾವು ಮೊದಲು ಹಲ್ಲನ್ನೇ ನೋಡುತ್ತೇವೆ. ಹಲ್ಲು ಸರಿಮಾಡದೆ ಬರೀ ಸೈನಸ್‌ಗೆ ಔಷಧಿ ಕೊಟ್ಟರೆ ವಾಸಿಯಾಗದು. ಹಲ್ಲಿನ ಡಾಕ್ಟರು, ಮೂಗಿನ ಡಾಕ್ಟರು ಇಬ್ಬರೂ ನೋಡಬೇಕು.

ಶುಗರ್ ಇರುವುದರಿಂದ ತಡ ಮಾಡಬೇಡಿ. 2021ರಲ್ಲಿ ಕೋವಿಡ್ ನಂತರ ಬಂದ ಕಪ್ಪು ಶಿಲೀಂಧ್ರ ನೆನಪಿರಬೇಕು, ಅದು ಮೂಗಿನಿಂದ ಸೈನಸ್‌ಗೆ, ಅಲ್ಲಿಂದ ಕಣ್ಣಿಗೆ ಏರುತ್ತಿತ್ತು. ಶುಗರ್ ಹತೋಟಿಯಲ್ಲಿ ಇಲ್ಲದವರಿಗೆ ಕೋವಿಡ್ ಇಲ್ಲದೆಯೂ ಬರಬಹುದು. ಕೆನ್ನೆ ಜೋಮು ಹಿಡಿದರೆ ಎಚ್ಚರ, ಯಾಕೆಂದರೆ ಕೆನ್ನೆಯ ಸ್ಪರ್ಶದ ನರ ಈ ಸೈನಸ್‌ನ ಛತ್ತಿನಲ್ಲೇ ಹಾದುಹೋಗುತ್ತದೆ. ಮೂಗಿನಲ್ಲಿ ಅಥವಾ ಅಂಗುಳದಲ್ಲಿ ಕಪ್ಪು ಹಕ್ಕಳೆ, ಒಂದು ವಸ್ತು ಎರಡಾಗಿ ಕಾಣುವುದು, ಕಣ್ಣಿನ ಊತ, ಇದರಲ್ಲಿ ಯಾವುದು ಕಂಡರೂ ರಾತ್ರಿಯಾಗಿದ್ದರೂ ನಿಮ್ಮ ಬೀದರ್‌ನ ಬ್ರಿಮ್ಸ್ ಆಸ್ಪತ್ರೆಗೆ ಕರೆದುಕೊಂಡು ಹೋಗ್ರಿ.

ಪ್ರಶ್ನೆ (ಚಿಂಚೋಳಿ): ವಾರಕ್ಕೊಮ್ಮೆ ಅರ್ಧ ತಲಿ ಸಿಡೀತದ, ವಾಂತಿ ಬಂದಂಗ ಆಗ್ತದ, ಬೆಳಕು ಕಂಡ್ರ ಆಗಲ್ಲ. ನೆಗಡಿ ಇರಂಗಿಲ್ಲ. ಸೈನಸ್ ಏನ್ರಿ?

ಉತ್ತರ: ಬಹಳಮಟ್ಟಿಗೆ ಇದು ಮೈಗ್ರೇನ್ ಇದ್ದಂತಿದೆ. ಮೂಗು ಕಟ್ಟದೆ, ಸಿಂಬಳ ಕೀವು ಇಲ್ಲದೆ ಸೈನಸ್‌ನ ಸೋಂಕು ಅನ್ನುವುದು ಅಪರೂಪ. ಆ್ಯಂಟಿಬಯೋಟಿಕ್ ತಿನ್ನಬೇಡಿ, ಫಿಜಿಶಿಯನ್‌ಗೆ ತೋರಿಸಿ.

ಪ್ರಶ್ನೆ (ಶಹಾಬಾದ್): ಸರ್, ಉಪ್ಪುನೀರಿನ ತೊಳೆತ ಅಂದ್ರಲ್ಲ, ಮನಿ ಬೋರ್ ನೀರು ನಡೀತದೇನು?

ಉತ್ತರ: ಹಸಿ ನೀರು ಬೇಡವೇ ಬೇಡ, ಬೋರಿನದಾಗಲಿ ನಳದ್ದಾಗಲಿ. ಹಸಿ ನೀರಿನಲ್ಲಿ ಇರಬಹುದಾದ ನೆಗ್ಲೇರಿಯಾ ಅನ್ನುವ ಅಮೀಬಾ ಮೂಗಿನ ಛತ್ತಿನಲ್ಲಿ ವಾಸನೆಯ ನರಗಳು ಹಾದುಹೋಗುವ ಸಣ್ಣ ರಂಧ್ರಗಳ ಮೂಲಕ ಮಿದುಳಿಗೆ ಏರಬಲ್ಲದು. ಅಪರೂಪ ಹೌದು, ಆದರೆ ಬಂದರೆ ಬದುಕುವುದು ಕಷ್ಟ. ನೀರನ್ನು ಚೆನ್ನಾಗಿ ಕುದಿಸಿ ಉಗುರುಬೆಚ್ಚಗೆ ಆರಿಸಿ. ಒಂದು ಲೋಟ, ಅಂದರೆ 250 ಮಿಲಿಲೀಟರ್ ನೀರಿಗೆ ಅರ್ಧ ಚಹಾ ಚಮಚ ಉಪ್ಪು, ಒಂದು ಚಿಟಿಕೆ ತಿನ್ನುವ ಸೋಡಾ. ಕೆಲಸದಿಂದ ಮನೆಗೆ ಬಂದ ತಕ್ಷಣ ಮಾಡ್ರಿ, ಸ್ಪ್ರೇ ಹೊಡೆಯುವುದು ಅದಾದ ಮೇಲೆ. ಸ್ಕ್ಯಾನ್ ಸಿ.ಡಿ. ತಗೊಂಡು ಒಮ್ಮೆ ಒಪಿಡಿಗೆ ಬರ್ರಿ, ಆ ಬಾಗಿಲು ಎಲ್ಲಿ ಕಟ್ಟಿದೆ ಅನ್ನುವುದನ್ನು ಕಂಪ್ಯೂಟರ್‌ನಲ್ಲಿ ನಿಮಗೇ ತೋರಿಸುತ್ತೇನೆ.