ಅಪ್‌ಡೇಟ್: ಕೆರೆಗಳ ನಕ್ಷೆಯ ಅಕ್ಷರಗಳು

ಕಾಲೇಜ್ ಪ್ರಾಜೆಕ್ಟ್‌ಗೆ ಮಾಡುತ್ತಿರುವ ಬೆಂಗಳೂರಿನ ಕೆರೆಗಳ ನಕ್ಷೆಯಲ್ಲಿ ಹೆಸರುಗಳು ಎದ್ದು ಕಾಣುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೆ. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಎಲ್ಲಕ್ಕಿಂತ ಜಾಸ್ತಿ ಉಪಯೋಗವಾಗಿದ್ದು ಸಾಲುಗಳ ನಡುವಿನ ಅಂತರ ಹೆಚ್ಚಿಸುವ ಸಲಹೆ. ‘ಬೆಳ್ಳಂದೂರು ಕೆರೆ’ಯನ್ನು ಎರಡು ಸಾಲಲ್ಲಿ ಬರೆದಾಗ ಮೇಲಿನ ಒತ್ತಕ್ಷರ ಕೆಳಗಿನ ‘ಕೆ’ಗೆ ತಾಗುತ್ತಿತ್ತು. ಇಂಗ್ಲಿಷ್‌ಗೆ ಸಾಕಾಗುವ ಜಾಗ ಕನ್ನಡಕ್ಕೆ ಸಾಲದು, ಅಲ್ವಾ? ಈಗ ಬಿಡಿಬಿಡಿಯಾಗಿ ಓದಬಹುದು.

ನಕ್ಷೆಗಳಲ್ಲಿ ಕೆರೆ, ನದಿಗಳ ಹೆಸರುಗಳನ್ನು ಇಟಾಲಿಕ್‌ನಲ್ಲಿ, ಅಂದರೆ ಓರೆ ಅಕ್ಷರದಲ್ಲಿ, ಬರೆಯುವ ರೂಢಿ ಇದೆ, ನಿಜ. ಆದರೆ ನಾನು ಬಳಸಿದ ‘ನೋಟೊ ಸ್ಯಾನ್ಸ್ ಕನ್ನಡ’ ಫಾಂಟ್‌ನಲ್ಲಿ ಇಟಾಲಿಕ್ ಇಲ್ಲ. ಸಾಫ್ಟ್‌ವೇರ್ ಸುಮ್ನೆ ಓರೆ ಮಾಡಿಕೊಟ್ಟ ಅಕ್ಷರ ನನಗೆ ಹಿಡಿಸಲಿಲ್ಲ. ಅದಕ್ಕೆ ಕೆರೆಗಳಿಗೆ ಕಡುನೀಲಿ, ಬಡಾವಣೆಗಳಿಗೆ ಬೂದು ಬಣ್ಣ ಕೊಟ್ಟೆ. ರಸ್ತೆ ಹಾಯುವ ಕಡೆ ಅಕ್ಷರದ ಸುತ್ತ ತೆಳು ಬಿಳಿ ಅಂಚು. ಹಲಸೂರು, ಸ್ಯಾಂಕಿ ಕೆರೆಗಳೆರಡೂ ಈಗ ಮೊದಲ ನೋಟಕ್ಕೇ ಸಿಗುತ್ತವೆ.

ಮುಂದಿನ ವಾರ ಎ3 ಹಾಳೆಯಲ್ಲಿ ಪ್ರಿಂಟ್ ತೆಗೆಸುತ್ತೇನೆ.