‘ಕುಂತಲ್ಲೆ ಕುಂದ್ರಾಕ ಆಗವಲ್ದು’: ಇದಕ್ಕೆ ಒಂದೇ ಪದ ಇದೆಯೇ?

ನಮಸ್ಕಾರ. ಒಂದು ಪದ ಹುಡುಕುತ್ತಿದ್ದೇನೆ.

ಧಾರವಾಡದಲ್ಲಿರುವ ನಮ್ಮ ಕಾಕಾಗೆ ಹೋದ ವರ್ಷ ಖಿನ್ನತೆಗೆ ಗುಳಿಗೆ ಶುರುವಾಯಿತು. ಮಿದುಳಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಹೆಚ್ಚಿಸುವ ಜಾತಿಯದು. ಎರಡನೇ ವಾರಕ್ಕೆ ರಾತ್ರಿಯೆಲ್ಲ ಪಡಸಾಲೆಯಲ್ಲಿ ಅಡ್ಡಾಡತೊಡಗಿದರು. ಡಾಕ್ಟರು ‘ಚಡಪಡಿಕೆ ಇದೆಯಾ?’ ಅಂತ ಕೇಳಿದರೆ ಕಾಕಾ, ‘ಇಲ್ರಿ, ಮನಸ್ಸು ಆರಾಮ ಐತಿ’ ಅಂದುಬಿಟ್ಟರು. ಹೊರಗೆ ಬಂದ ಮೇಲೆ ನನ್ನ ಮುಂದೆ, ‘ಕಾಲಾಗ ಇರಿವಿ ಹರದಂಗ ಆಗತೈತಿ, ಕುಂತಲ್ಲೆ ಕುಂದ್ರಾಕ ಆಗವಲ್ದು’ ಅಂದರು. ಮತ್ತೆ ಒಳಗೆ ಕರೆದೊಯ್ದು ಅದೇ ಮಾತು ಹೇಳಿಸಿದೆ. ‘ಓ, ಅಕಥಿಸಿಯಾ!’ ಅಂದ ಡಾಕ್ಟರು ಗುಳಿಗೆಯ ಪ್ರಮಾಣ ಇಳಿಸಿದರು. ಹತ್ತು-ಹದಿನೈದು ದಿನಕ್ಕೆ ಕಾಲು ಸುಮ್ಮನಾದವು.

ಆ ಗ್ರೀಕ್ ಪದದ ಅರ್ಥವೂ ‘ಕೂರಲಾಗದು’ ಅಂತಲೇ. 1901ರಲ್ಲಿ ಜೆಕ್ ವೈದ್ಯ ಹಾಷ್ಕೊವೆಟ್ಸ್ ಇಟ್ಟ ಹೆಸರು. ಈ ಗುಳಿಗೆಗಳು ಆಗಿನ್ನೂ ಹುಟ್ಟೇ ಇರಲಿಲ್ಲ.

ಇನ್ನೊಂದು ಗೊಂದಲ ಇತ್ತು. ಕಾಕಾ ಅದೇ ಹೊತ್ತಿಗೆ ತಂಬಾಕು ಬಿಟ್ಟಿದ್ದರು. ಮನೆಯವರೆಲ್ಲ ‘ಇದು ತಲಬು’ ಅಂದುಕೊಂಡೆವು. ತಪ್ಪೇನಲ್ಲ. ಮಿದುಳಲ್ಲಿ ಡೋಪಮೈನ್ ಎಂಬ ಇನ್ನೊಂದು ರಾಸಾಯನಿಕ ಬಿಡುಗಡೆಯಾಗುವಂತೆ ನಿಕೋಟಿನ್ ನರಕೋಶಗಳನ್ನು ಕೆಣಕುತ್ತದೆ. ಅದು ನಿಂತಾಗಲೂ ಸಿಡಿಮಿಡಿ, ಚಡಪಡಿಕೆ ಆಗುತ್ತದೆ. ಆದರೆ ತಲಬಿಗೆ ಒಂದು ಚಿಟಿಕೆ ತಂಬಾಕು ಸಿಕ್ಕರೆ ಸಾಕು. ಕಾಕಾಗೆ ಎದ್ದು ನಡೆದರಷ್ಟೇ ಕೊಂಚ ಹಾಯೆನಿಸುತ್ತಿತ್ತು. ಸೆರೊಟೋನಿನ್ ಜಾಸ್ತಿಯಾದರೆ ಚಲನೆ ನೋಡಿಕೊಳ್ಳುವ ಡೋಪಮೈನ್ ದಾರಿ ಮಂಕಾಗುತ್ತದೆ ಎನ್ನುವುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ.

ಹಾಗಾಗಿಯೇ ಪೇಪರಿನವರು ಡೋಪಮೈನನ್ನು ‘ಖುಷಿ ಹಾರ್ಮೋನು’ ಅಂತ ಬರೆದಾಗ ನನಗೆ ಸಿಟ್ಟು ಬರುತ್ತದೆ. ಸ್ವೀಡನ್ನಿನ ವಿಜ್ಞಾನಿ ಅರ್ವಿದ್ ಕಾರ್ಲ್ಸನ್ 1950ರ ದಶಕದಲ್ಲಿ ಮೊಲಗಳಿಗೆ, ಮಿದುಳಿನ ಡೋಪಮೈನ್ ಬರಿದುಮಾಡುವ ರೆಸರ್ಪಿನ್ ಎಂಬ ಔಷಧ ಕೊಟ್ಟಾಗ ಅವು ಅಲ್ಲಾಡದೆ ಬಿದ್ದಿದ್ದವು. (ಆ ರೆಸರ್ಪಿನ್ ನಮ್ಮ ಸರ್ಪಗಂಧದ ಬೇರಿನದೇ.) ಡೋಪಮೈನ್ ಆಗಿ ಬದಲಾಗುವ ಎಲ್-ಡೋಪಾ ಕೊಟ್ಟದ್ದೇ ಎದ್ದು ಓಡಾಡಿದವು. ಅಲ್ಲಿ ಮರಳಿ ಬಂದದ್ದು ಖುಷಿಯಲ್ಲ, ನಡಿಗೆ!

ಈಗ ಪದದ ವಿಚಾರ. ‘ಚಡಪಡಿಕೆ’ ಅಂದರೆ ನಮ್ಮ ಕಡೆ ಮನಸ್ಸಿನದು. ಕಾಕಾ ಇಲ್ಲ ಅಂದದ್ದು ಅದಕ್ಕೇ. ‘ನಡುಕ’ ಬೇರೆ, ಅಲ್ಲಿ ಕೈ ತಾನಾಗಿ ನಡುಗುತ್ತದೆ. ‘ಅಸ್ಥಿರತೆ’ ಅಂದರೆ ಸರ್ಕಾರ ಬೀಳುವ ಸುದ್ದಿ ಕೇಳಿದಂತಾಗುತ್ತದೆ. ನಾನೇ ಕಟ್ಟಿದ್ದು ‘ಕೂರಲಾರಿಕೆ’. ಆದರೆ ಧಾರವಾಡದಲ್ಲಿ ‘ಕೂರು’ ಅನ್ನುವವರು ಯಾರು? ‘ಕೂಡಲಾರಿಕೆ’ ಅಂದರೆ ಜಗಳವಾಡಿ ದೂರಾದ ಅಣ್ಣ-ತಮ್ಮಂದಿರು ನೆನಪಾಗುತ್ತಾರೆ. ‘ಕೂಡ್ರಲಾರಿಕೆ’ ನಡೆದೀತೇ? ವ್ಯಾಕರಣ ಬಲ್ಲವರು ಹೇಳಿ. ಗದಗ, ಹಾವೇರಿ ಕಡೆಯ ಹಿರಿಯರ ಬಾಯಲ್ಲಿ ಕಾಲಿನ ಈ ಕಾಟಕ್ಕೆ ಬೇರೆ ಹೆಸರಿದ್ದರೆ ಅದು ಮೊದಲು ಬೇಕು.