ಸಹಾಯ ಬೇಕು: ಗಡಸು ನೀರಿನಲ್ಲಿ ಜಲಕೃಷಿ, ಹಳದಿಯಾಗುತ್ತಿರುವ ಪಾಲಕ್

ಎಲ್ಲರಿಗೂ ನಮಸ್ಕಾರ. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಅವರು ರೂಪಿಸಿದ, ಪಂಪಾಗಲಿ ವಿದ್ಯುತ್ತಾಗಲಿ ಬೇಡದ ಜಲಕೃಷಿ (ಹೈಡ್ರೋಪೋನಿಕ್ಸ್, ಅಂದರೆ ಮಣ್ಣಿಲ್ಲದೆ ಪೋಷಕಾಂಶ ಬೆರೆಸಿದ ನೀರಿನಲ್ಲಿ ಗಿಡ ಬೆಳೆಸುವ) ವಿಧಾನದಲ್ಲಿ ಬೆಂಗಳೂರಿನ ನಮ್ಮ ಮನೆಯ ತಾರಸಿಯ ಮೇಲೆ ಪಾಲಕ್ ಬೆಳೆಯುವುದನ್ನು ಕಲಿಯುತ್ತಿದ್ದೇನೆ. ಮುಚ್ಚಳವಿರುವ ಡಬ್ಬಿಗಳಿಗೆ ಪೋಷಕ ದ್ರಾವಣ ತುಂಬಿ, ತೆಂಗಿನ ನಾರಿನ ಪುಡಿ ಹಾಕಿದ ಜಾಲರಿ ಕುಂಡಗಳಲ್ಲಿ ಸಸಿಗಳನ್ನು ಇಟ್ಟಿದ್ದೇನೆ. ದ್ರಾವಣ ಇಳಿದಂತೆಲ್ಲ ಮೇಲುಳಿದ ಬೇರುಗಳು ಗಾಳಿಯಿಂದಲೇ ಆಮ್ಲಜನಕ ಪಡೆಯುವ ಈ ಸರಳ ಏರ್ಪಾಡು ನನಗೆ ಬಹಳ ಹಿಡಿಸಿದೆ.

ತೊಡಕಿರುವುದು ನೀರಿನಲ್ಲಿ. ನಮ್ಮದು ಕೊಳವೆಬಾವಿಯ ಗಡಸು ನೀರು. ಫಾಸ್ಫಾರಿಕ್ ಆಮ್ಲ ಬೆರೆಸಿ ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ) ಅನ್ನು 6ಕ್ಕೆ ಇಳಿಸಿದರೂ, ನೀರಿನಲ್ಲಿ ಉಳಿದಿರುವ ಬೈಕಾರ್ಬನೇಟಿನಿಂದಾಗಿ ಅದು ಕೆಲವೇ ದಿನಗಳಲ್ಲಿ 7.5ರ ಆಚೆಗೆ ಏರುತ್ತದೆ. ಆಗ ಹೊಸ ಎಲೆಗಳಲ್ಲಿ ನರಗಳಷ್ಟೇ ಹಸಿರಾಗಿ ಉಳಿದು ನಡುವಿನ ಭಾಗವೆಲ್ಲ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಕೆಳಗಿನ ಹಳೆಯ ಎಲೆಗಳು ಚೆನ್ನಾಗಿಯೇ ಇರುವುದರಿಂದ ಇದು ಕಬ್ಬಿಣದ ಕೊರತೆಯೆಂದೇ ನನ್ನ ಭಾವನೆ. ನಾನು ಬಳಸುವ ಗೊಬ್ಬರದಲ್ಲಿ ಕಬ್ಬಿಣವು ಇಡಿಟಿಎ (ಕಬ್ಬಿಣವನ್ನು ನೀರಿನಲ್ಲಿ ಕರಗಿದಂತೆಯೇ ಹಿಡಿದಿಡುವ ಒಂದು ರಾಸಾಯನಿಕ) ರೂಪದಲ್ಲಿದ್ದು, ಪಿಎಚ್ 6.5 ದಾಟಿದ ಮೇಲೆ ಅದು ಗಿಡಕ್ಕೆ ಸರಿಯಾಗಿ ದಕ್ಕುವುದಿಲ್ಲ.

ಇಂತಹ ನೀರಿನಲ್ಲಿಯೇ ಸೊಪ್ಪು ಬೆಳೆದು ಅನುಭವವಿರುವವರು ದಯವಿಟ್ಟು ತಿಳಿಸಬೇಕು. ಇನ್ನಷ್ಟು ಹೆಚ್ಚಿನ ಪಿಎಚ್‌ನಲ್ಲೂ ಕಬ್ಬಿಣವನ್ನು ಹಿಡಿದಿಡುವ ಡಿಟಿಪಿಎ ರೂಪಕ್ಕೆ ಬದಲಾಯಿಸಿದರೆ ಸಾಕೇ, ಅಥವಾ ಸಂಪಿನಲ್ಲಿ ಹಿಡಿದಿಟ್ಟ ಮಳೆನೀರನ್ನು ಬೆರೆಸಲೇಬೇಕೇ? ಬೆರೆಸುವುದಾದರೆ ಯಾವ ಪ್ರಮಾಣದಲ್ಲಿ? ಮಳೆನೀರಿನಲ್ಲಿ ಸುಣ್ಣದಂಶ ಇಲ್ಲವೆನ್ನುವಷ್ಟು ಕಡಿಮೆಯಿರುವುದರಿಂದ ಕ್ಯಾಲ್ಸಿಯಂ ನೈಟ್ರೇಟನ್ನು ಎಷ್ಟು ಹೆಚ್ಚಿಸಬೇಕೆಂಬುದನ್ನೂ ಹೇಳಿದರೆ ಬಹಳ ಉಪಕಾರವಾಗುತ್ತದೆ. ಎಲೆಗಳ ಚಿತ್ರಗಳು ಬೇಕಿದ್ದರೆ ಕಳುಹಿಸುತ್ತೇನೆ.